ಹಳೆಯ ಚಾರ್ಜರ್ 67.2 ವೋಲ್ಟ್ 6 ಆಂಪ್. ಈಗ 10 ಆಂಪ್‌ನದು ಹಾಕಬಹುದಾ? 73 ವೋಲ್ಟ್‌ನದು ಹಾಕಬಹುದಾ?

ಕಲ್ಪತರು_ನಾಡು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಲೋ ಸ್ಪೀಡ್ ಎಲೆಕ್ಟ್ರಿಕ್ ಸ್ಕೂಟರ್ ಇದೆ. ಅಮ್ಮ ತೋಟಕ್ಕೆ, ಡೈರಿಗೆ ಹೋಗಿ ಬರಲು ಬಳಸುತ್ತಾರೆ. ಲಿಥಿಯಂ ಬ್ಯಾಟರಿ, ಸ್ಟಿಕರ್ ಮೇಲೆ 60 ವೋಲ್ಟ್ 30 ಆಂಪ್ ಅವರ್ ಅಂತ ಇದೆ. ಮೊನ್ನೆ ಸಿಡಿಲು ಹೊಡೆದ ದಿನ ಚಾರ್ಜರ್ ಸುಟ್ಟುಹೋಯಿತು. ಗಾಡಿ ಜೊತೆ ಬಂದಿದ್ದ ಆ ಚಾರ್ಜರ್ ಮೇಲೆ ಇನ್‌ಪುಟ್ 230 ವೋಲ್ಟ್, ಔಟ್‌ಪುಟ್ 67.2 ವೋಲ್ಟ್ 6 ಆಂಪ್ ಎಂದು ಬರೆದಿದೆ.

ತಿಪಟೂರು ಪೇಟೆಯಲ್ಲಿ ಎರಡು ಕಡೆ ವಿಚಾರಿಸಿದೆ. ಒಬ್ಬರು 67.2 ವೋಲ್ಟ್ 10 ಆಂಪ್‌ನದು ಕೊಡುತ್ತೇನೆ, ಬೇಗ ಚಾರ್ಜ್ ಆಗುತ್ತದೆ ಅಂದರು. ಇನ್ನೊಬ್ಬರ ಹತ್ತಿರ 73 ವೋಲ್ಟ್ 6 ಆಂಪ್‌ನದು ಇದೆ. "60 ವೋಲ್ಟ್ ಗಾಡಿಗೆಲ್ಲಾ ಇದನ್ನೇ ಹಾಕೋದು, ಆಂಪ್ ಒಂದೇ ಇದ್ರೆ ಸಾಕು" ಅಂತಾರೆ. ಬೆಲೆಯೂ ಕಡಿಮೆ.

ನನಗೆ ಬುಡದಿಂದಲೇ ಗೊಂದಲ ಇದೆ. ಬೋರ್ಡಿನಲ್ಲಿ 230 ವೋಲ್ಟ್, 16 ಆಂಪ್ ಸಾಕೆಟ್. ಬ್ಯಾಟರಿಗೆ ಹೋಗುವುದು 67 ವೋಲ್ಟ್, 6 ಆಂಪ್. ಉಳಿದದ್ದು ಎಲ್ಲಿ ಹೋಗುತ್ತದೆ? 60 ವೋಲ್ಟ್ ಬ್ಯಾಟರಿಗೆ 67 ಯಾಕೆ ಬೇಕು? ಆಂಪ್ ಜಾಸ್ತಿ ಆದರೆ ಬ್ಯಾಟರಿ ಸುಡುತ್ತದೆ ಅಂತ ಕೆಲವರು, ವೋಲ್ಟ್ ಜಾಸ್ತಿ ಆದರೆ ಅಂತ ಕೆಲವರು. ಇದರ ಮೇಲೆ ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ 170ಕ್ಕೆ ಇಳಿಯುತ್ತದೆ, ಅದರಿಂದ ಬ್ಯಾಟರಿಗೆ ಏನಾದರೂ ತೊಂದರೆಯಾ? ನೀರಿನ ಟ್ಯಾಂಕು ಪೈಪಿನ ವಿಡಿಯೋ ನೋಡಿದ್ದೇನೆ. ಅದು ಅರ್ಥ ಆಗುತ್ತದೆ, ಆದರೆ ಅಂಗಡಿಯಲ್ಲಿ ನಿಂತಾಗ ಯಾವುದನ್ನು ತರಬೇಕು ಅನ್ನುವುದು ಅದರಿಂದ ಗೊತ್ತಾಗಲಿಲ್ಲ. ಯಾರಾದರೂ ಲೆಕ್ಕ ಹಾಕಿ ತೋರಿಸಿದರೆ ಉಪಕಾರ.

ಬ್ಯಾಟರಿಬೆಂಚ್

73 ವೋಲ್ಟ್‌ನದು ತರಲೇಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಇದು ತಲೆಯಲ್ಲಿರಲಿ. ನಾನು ಸ್ಕೂಟರ್ ಮತ್ತು ಆಟೋ ಬ್ಯಾಟರಿ ಪ್ಯಾಕ್ ರಿಪೇರಿ ಮಾಡುತ್ತೇನೆ. ನನ್ನ ಬೆಂಚಿಗೆ ಬರುವ ಹಾಳಾದ ಪ್ಯಾಕ್‌ಗಳಲ್ಲಿ ತಪ್ಪು ಚಾರ್ಜರ್ ಹಾಕಿದವು ಯಾವಾಗಲೂ ಇರುತ್ತವೆ, ಮತ್ತು ಪ್ರತಿ ಸಲವೂ ಅಂಗಡಿಯವರು ಹೇಳಿದ್ದು ಇದೇ ಮಾತು, 60 ವೋಲ್ಟ್ ಅಂದರೆ 60 ವೋಲ್ಟ್.

60 ಅನ್ನುವುದು ಬರೀ ಹೆಸರು. ಒಳಗೆ ಎಷ್ಟು ಸೆಲ್ ಸಾಲಾಗಿ ಕೂತಿವೆ, ಯಾವ ಜಾತಿಯ ಸೆಲ್ ಅನ್ನುವುದೇ ಮುಖ್ಯ. ಎನ್‌ಎಂಸಿ (ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಲಿಥಿಯಂ) ಸೆಲ್ ಒಂದಕ್ಕೆ ನಡುಮಟ್ಟದಲ್ಲಿ ಸುಮಾರು 3.7 ವೋಲ್ಟ್, ತುಂಬಿದಾಗ 4.2 ವೋಲ್ಟ್. ಅದರ ಮೇಲೆ ಹೋಗಬಾರದು. ನಿಮ್ಮ ಹಳೆಯ ಚಾರ್ಜರಿನ 67.2 ಅನ್ನು 4.2ರಿಂದ ಭಾಗಿಸಿ ನೋಡಿ, ಸರಿಯಾಗಿ 16 ಬರುತ್ತದೆ. ಅಂದರೆ ನಿಮ್ಮದು 16 ಸೆಲ್ ಸಾಲಿನ ಎನ್‌ಎಂಸಿ ಪ್ಯಾಕ್. 16 ಗುಣಿಸು 3.7 ಅಂದರೆ 59.2, ಅದನ್ನೇ ದುಂಡಗೆ 60 ಅಂತ ಬರೆಯುತ್ತಾರೆ. ನಿಮ್ಮ "60ಕ್ಕೆ 67 ಯಾಕೆ" ಪ್ರಶ್ನೆಗೆ ಉತ್ತರ ಅಷ್ಟೇ. 60 ನಡುಮಟ್ಟ, 67.2 ತುದಿ.

ಈಗ ಇದೇ "60 ವೋಲ್ಟ್" ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಇನ್ನೂ ಏನೇನಿದೆ ನೋಡಿ. 17 ಸೆಲ್‌ನ ಎನ್‌ಎಂಸಿ ಇದೆ, ಅದರ ತುದಿ 71.4. 20 ಸೆಲ್‌ನ ಎಲ್‌ಎಫ್‌ಪಿ (ಕಬ್ಬಿಣ, ಫಾಸ್ಫೇಟ್ ಇರುವ ಲಿಥಿಯಂ) ಇದೆ, ಒಂದು ಸೆಲ್‌ಗೆ 3.65ರ ಲೆಕ್ಕದಲ್ಲಿ ಅದರ ತುದಿ 73. ಹಳೆಯ ಕಾಲದ ಲೆಡ್ ಆಸಿಡ್ 12 ವೋಲ್ಟಿನ ಐದು ಬ್ಯಾಟರಿ ಸಾಲು ಇದೆ, ಅದರ ಚಾರ್ಜರ್ ಕೂಡ 72, 73ರ ಆಸುಪಾಸಿಗೆ ಹೋಗುತ್ತದೆ. ಅಂಗಡಿಯವರ ಹತ್ತಿರ ಇರುವುದು ಈ ಕೊನೆಯ ಎರಡರಲ್ಲಿ ಒಂದಕ್ಕೆ ಸೇರಿದ್ದು. ಅದನ್ನು ನಿಮ್ಮ 16 ಸೆಲ್‌ಗೆ ಹಾಕಿದರೆ 73 ಭಾಗಿಸು 16, ಒಂದೊಂದು ಸೆಲ್‌ಗೆ 4.56 ವೋಲ್ಟ್. ಲಿಥಿಯಂ ಸೆಲ್ ಆ ಮಟ್ಟಕ್ಕೆ ಹೋದರೆ ಒಳಗಿನ ರಾಸಾಯನಿಕ ಕೆಡುತ್ತದೆ, ಗ್ಯಾಸ್ ಆಗುತ್ತದೆ, ಉಬ್ಬುತ್ತದೆ, ಕೈಮೀರಿದರೆ ಬೆಂಕಿ. ನಡುವೆ ಬಿಎಂಎಸ್ ಅನ್ನುವ ಸರ್ಕ್ಯೂಟ್ ಇರುತ್ತದೆ, 4.25 ದಾಟುವ ಹೊತ್ತಿಗೆ ಕಟ್ ಮಾಡಬೇಕು, ಸಾಮಾನ್ಯವಾಗಿ ಮಾಡುತ್ತದೆ. ಆದರೆ ಅದು ಇರುವುದು ಅಪರೂಪಕ್ಕೆ ಕಾಪಾಡಲು. ದಿನಾ ಅದನ್ನೇ ನಂಬಿ ಚಾರ್ಜ್ ಮಾಡಿದರೆ, ಅದರೊಳಗಿನ ಸ್ವಿಚ್ ಒಂದು ದಿನ ಶಾರ್ಟ್ ಆಗಿ ಅಂಟಿಕೊಂಡಾಗ ತಡೆಯುವವರು ಯಾರೂ ಇರುವುದಿಲ್ಲ.

ಇನ್ನು ಉಳಿದದ್ದು ಎಲ್ಲಿ ಹೋಗುತ್ತದೆ ಅಂದಿರಿ. ಎಲ್ಲೂ ಹೋಗುವುದಿಲ್ಲ. ಸಾಕೆಟ್ ಮೇಲಿನ 16 ಆಂಪ್ ಅಂದರೆ ಅದು ತಡೆದುಕೊಳ್ಳುವ ಮಿತಿ, ಅಷ್ಟನ್ನು ಅದು ತಳ್ಳುತ್ತದೆ ಅಂತಲ್ಲ. ಎಷ್ಟು ಬೇಕೋ ಅಷ್ಟನ್ನು ಚಾರ್ಜರ್ ಎಳೆದುಕೊಳ್ಳುತ್ತದೆ. ನಿಮ್ಮ ಚಾರ್ಜರ್ ಕೊಡುವ ಗರಿಷ್ಠ 67.2 ಗುಣಿಸು 6, ಸುಮಾರು 400 ವ್ಯಾಟ್. ಬಿಸಿಯಾಗಿ ಹೋಗುವ ಸ್ವಲ್ಪ ಸೇರಿಸಿ 450 ಅಂತ ಇಟ್ಟುಕೊಳ್ಳಿ. 450 ಭಾಗಿಸು 230, ಗೋಡೆಯಿಂದ ಸುಮಾರು 2 ಆಂಪ್. ಅದೇ ಶಕ್ತಿ ಆ ಕಡೆ ಜಾಸ್ತಿ ವೋಲ್ಟ್ ಕಡಿಮೆ ಆಂಪ್, ಈ ಕಡೆ ಕಡಿಮೆ ವೋಲ್ಟ್ ಜಾಸ್ತಿ ಆಂಪ್. ಒಳಗೆ ಎಸಿಯನ್ನು ಡಿಸಿ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕ ಇಳಿಸಿ, ಮತ್ತೆ ಡಿಸಿ ಮಾಡುತ್ತದೆ. ಅಷ್ಟೇ ಅದರ ಕೆಲಸ.

ಆದರೆ ಬ್ಯಾಟರಿ ಕಡೆ ಬಂದಾಗ ಒಂದು ವ್ಯತ್ಯಾಸ ಇದೆ, ಜನ ಎಡವುವುದು ಇಲ್ಲೇ. ಬಲ್ಬು, ಮಿಕ್ಸಿ ತಮಗೆ ಬೇಕಾದಷ್ಟು ಆಂಪ್ ಮಾತ್ರ ಎಳೆಯುತ್ತವೆ. ಬ್ಯಾಟರಿಗೆ ಆ ವಿವೇಕ ಇಲ್ಲ. ನಿಮ್ಮ ಪ್ಯಾಕಿನ ಒಳರೋಧ, ಅಂದರೆ ಕರೆಂಟಿಗೆ ಪ್ಯಾಕಿನ ಒಳಗೇ ಇರುವ ತಡೆ, 0.1 ಓಮ್ ಅಂದುಕೊಳ್ಳಿ. ಖಾಲಿಯಾಗಿ 56 ವೋಲ್ಟ್‌ಗೆ ಬಂದ ಬ್ಯಾಟರಿಗೆ 67.2 ವೋಲ್ಟನ್ನು ಲಗಾಮಿಲ್ಲದೆ ನೇರ ಕೊಟ್ಟರೆ ವ್ಯತ್ಯಾಸ 11.2 ವೋಲ್ಟ್, ಅದನ್ನು 0.1ರಿಂದ ಭಾಗಿಸಿದರೆ 112 ಆಂಪ್. ವೈರೇ ಕರಗುತ್ತದೆ. ಅದಕ್ಕೇ ಚಾರ್ಜರ್ ತಾನೇ ಆಂಪನ್ನು 6ಕ್ಕೆ ಹಿಡಿದಿಡುತ್ತದೆ, ಹಿಡಿಯಲು ತನ್ನ ವೋಲ್ಟೇಜನ್ನು ಇಳಿಸಿಕೊಳ್ಳುತ್ತದೆ. ಚಾರ್ಜ್ ಆಗುವಾಗ ಮಲ್ಟಿಮೀಟರ್ ಇಟ್ಟು ನೋಡಿ. ಶುರುವಿನಲ್ಲಿ 67.2 ಬರುವುದಿಲ್ಲ, 57 ಅಥವಾ 58 ಬರುತ್ತದೆ, 6 ಆಂಪ್ ಹರಿಯುತ್ತಿರುತ್ತದೆ. ಗಂಟೆಗಳು ಕಳೆದ ಹಾಗೆ ವೋಲ್ಟೇಜ್ ಮೆಲ್ಲಗೆ ಏರಿ 67.2 ಮುಟ್ಟುತ್ತದೆ. ಅಲ್ಲಿಂದ ಮೇಲೆ ವೋಲ್ಟೇಜ್ ಅಲ್ಲೇ ನಿಲ್ಲುತ್ತದೆ, ಆಂಪ್ ಇಳಿಯಲು ಶುರುವಾಗುತ್ತದೆ. 5, 3, 1, ಕೊನೆಗೆ ಅರ್ಧ ಆಂಪ್ ಆಸುಪಾಸಿನಲ್ಲಿ ಹಸಿರು ದೀಪ. ಮೊದಲ ಹಂತದಲ್ಲಿ ಆಂಪ್ ಸ್ಥಿರ, ಎರಡನೆಯದರಲ್ಲಿ ವೋಲ್ಟ್ ಸ್ಥಿರ. ಲಿಥಿಯಂ ಚಾರ್ಜಿಂಗ್ ಎಲ್ಲಾ ಈ ಎರಡು ಹಂತದಲ್ಲೇ ನಡೆಯುವುದು, ಮೊಬೈಲಿನಿಂದ ಬಸ್ಸಿನವರೆಗೆ.

10 ಆಂಪ್ ಪ್ರಶ್ನೆಗೆ ಬಂದರೆ, ವೋಲ್ಟ್ ಸರಿ ಇದೆ, ಹಾಗಾಗಿ 73ರಷ್ಟು ಅಪಾಯ ಅಲ್ಲ. 30 ಆಂಪ್ ಅವರ್ ಬ್ಯಾಟರಿಗೆ 10 ಆಂಪ್ ಅಂದರೆ ಮೂರನೇ ಒಂದು ಭಾಗ, ಸೆಲ್‌ಗಳಿಗೆ ಅದು ಸಾಮಾನ್ಯವಾಗಿ ಭಾರವಲ್ಲ. ಆದರೆ ಪ್ಯಾಕ್ ಅಂದರೆ ಬರೀ ಸೆಲ್ ಅಲ್ಲ. ಬಿಎಂಎಸ್‌ನ ಚಾರ್ಜಿಂಗ್ ಮಿತಿ, ಒಳಗಿನ ಫ್ಯೂಸ್, ಪೋರ್ಟಿನಿಂದ ಪ್ಯಾಕಿಗೆ ಹೋಗುವ ತೆಳು ವೈರು, ಆ ಪುಟ್ಟ ಪಿನ್, ಎಲ್ಲವೂ 10ಕ್ಕೆ ಒಗ್ಗಬೇಕು. ಸ್ಟಿಕರ್ ಮೇಲೆ ಗರಿಷ್ಠ ಚಾರ್ಜಿಂಗ್ ಕರೆಂಟ್ ಅಂತ ಸಾಲು ಇದೆಯಾ ನೋಡಿ. 10 ಅಥವಾ ಜಾಸ್ತಿ ಇದ್ದರೆ ತನ್ನಿ. ಸಾಲೇ ಇಲ್ಲದಿದ್ದರೆ 6ರಲ್ಲೇ ಇರಿ. 6ರಲ್ಲಿ ಖಾಲಿಯಿಂದ ತುಂಬಲು ಐದೂವರೆ ಆರು ಗಂಟೆ, 10ರಲ್ಲಿ ಮೂರೂವರೆ. ಅಮ್ಮ ಬೆಳಗ್ಗೆ ಡೈರಿಗೆ ಹೋಗಿ ಬಂದ ಮೇಲೆ ಗಾಡಿ ಮಧ್ಯಾಹ್ನದವರೆಗೆ ನಿಂತೇ ಇರುತ್ತದೆ ಅಲ್ವಾ, ಆ ಎರಡು ಗಂಟೆಯ ಉಳಿತಾಯದಿಂದ ಆಗುವುದೇನೂ ಇಲ್ಲ.

ಫೇಸ್_ನ್ಯೂಟ್ರಲ್

ಮೇಲಿನವರು ಬ್ಯಾಟರಿ ಕಡೆಯದು ಚೆನ್ನಾಗಿ ಹೇಳಿದ್ದಾರೆ. ನಾನು ಗೋಡೆ ಕಡೆಯದು ಹೇಳುತ್ತೇನೆ. ತೀರ್ಥಹಳ್ಳಿ ಕಡೆ ವೈರಿಂಗ್ ಕೆಲಸ ಮಾಡುತ್ತೇನೆ, 170 ವೋಲ್ಟ್ ನಮಗೂ ಹೊಸದಲ್ಲ.

ನಿಮ್ಮ ಸ್ಕೂಟರ್ ಚಾರ್ಜರ್‌ಗೆ 170 ಬಂದರೆ ಬ್ಯಾಟರಿಗೆ ಏನೂ ಆಗುವುದಿಲ್ಲ. ಚಾರ್ಜರ್ ಮೇಲೆ ಇನ್‌ಪುಟ್ ಎಷ್ಟರಿಂದ ಎಷ್ಟರವರೆಗೆ ಅಂತ ಬರೆದಿರುತ್ತದೆ, ಅದರೊಳಗೆ ಇದ್ದರೆ ಔಟ್‌ಪುಟ್ ಅಷ್ಟೇ ಇರುತ್ತದೆ. ಬದಲಾಗುವುದು ಗೋಡೆಯಿಂದ ಎಳೆಯುವ ಆಂಪ್. 450 ವ್ಯಾಟ್ ಬೇಕೇ ಬೇಕು, ವೋಲ್ಟ್ 170 ಆದರೆ 2ರ ಬದಲು 2.65 ಆಂಪ್ ಎಳೆಯುತ್ತದೆ. ಸ್ಕೂಟರಿಗೆ ಇದು ಲೆಕ್ಕಕ್ಕಿಲ್ಲ.

ಕಾರಿನ ಕಥೆ ಬೇರೆ. ಕಾರಿನ ಒಳಗಿನ ಚಾರ್ಜರ್ ಗೋಡೆಯಿಂದ ಇಷ್ಟೇ ಆಂಪ್ ಎಳೆಯುತ್ತೇನೆ ಅಂತ ಮಿತಿ ಹಾಕಿಕೊಂಡಿರುತ್ತದೆ. 15 ಆಂಪ್ ಅಂದುಕೊಳ್ಳಿ. 230 ಇದ್ದಾಗ 3.45 ಕಿಲೋವ್ಯಾಟ್. 180 ಆದಾಗ ಆಂಪ್ ಏರುವುದಿಲ್ಲ, 2.7 ಕಿಲೋವ್ಯಾಟ್‌ಗೆ ಬಂದು ನಿಲ್ಲುತ್ತದೆ. ರಾತ್ರಿ ಹಾಕಿದ್ದು ಬೆಳಗ್ಗೆ ತುಂಬಿಲ್ಲ ಅಂತ ಗಾಡಿಯನ್ನು ಬೈಯುವವರು ಮೊದಲು ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಬೇಕು, ಅದೂ ಚಾರ್ಜ್ ಆಗುತ್ತಿರುವಾಗಲೇ ನೋಡಬೇಕು. ಲೋಡ್ ಇಲ್ಲದಾಗ 225 ತೋರಿಸಿ, ಕಾರು ಹಾಕಿದ ತಕ್ಷಣ 195ಕ್ಕೆ ಬೀಳುವ ಮನೆಗಳಿವೆ. ಆ 30 ವೋಲ್ಟ್ ಕಳೆದುಹೋಗುವುದು ಕಂಬದಿಂದ ಮನೆವರೆಗಿನ ಸರ್ವಿಸ್ ವೈರಿನಲ್ಲೋ, ಯಾವುದೋ ಸಡಿಲ ಜಾಯಿಂಟಿನಲ್ಲೋ, ಮತ್ತು ಅಲ್ಲಿ ಅದು ಶಾಖ ಆಗುತ್ತಿರುತ್ತದೆ. 15 ಆಂಪ್ ಗುಣಿಸು 30 ವೋಲ್ಟ್, 450 ವ್ಯಾಟ್. ಅದು ಒಂದೇ ಜಾಯಿಂಟಿನಲ್ಲಿ ಇದ್ದರೆ ಆ ಜಾಯಿಂಟ್ ಉಳಿಯುವುದಿಲ್ಲ.

ಸ್ಟೆಬಿಲೈಜರ್ ಹಾಕಿ ಸರಿ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಅದು ವಿದ್ಯುತ್ ಹುಟ್ಟಿಸುವುದಿಲ್ಲ. 180ನ್ನು 230 ಮಾಡಲು ಲೈನಿನಿಂದ ಇನ್ನೂ ಜಾಸ್ತಿ ಆಂಪ್ ಎಳೆಯುತ್ತದೆ, ಲೈನ್ ಇನ್ನೂ ಕುಸಿಯುತ್ತದೆ, ಪಕ್ಕದ ಮನೆಯ ಬಲ್ಬು ಮಂಕಾಗುತ್ತದೆ. ಎಲ್ಲರ ಪಂಪು ನಿಂತ ಮೇಲೆ, ರಾತ್ರಿ 11ರ ನಂತರ ಹಾಕಿದರೆ ಹಳ್ಳಿ ಲೈನಿನಲ್ಲಿ ವೋಲ್ಟೇಜ್ ತಾನಾಗಿಯೇ ಏರಿರುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆ ಲೈನು, ಪಂಪಿನ ಲೈನು ಬೇರೆ ಮಾಡಿದ ಕಡೆ ಈ ಕಾಟ ಕಡಿಮೆ.

ಪ್ಲಗ್ಗಿನ ವಿಷಯ ಹೇಳಲೇಬೇಕು. ಆಂಪ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಹಳೆಯ ಸಾಕೆಟ್ಟಿನಲ್ಲಿ ಹಿತ್ತಾಳೆ ಪಟ್ಟಿ ಸಡಿಲಾಗಿ, ಪಿನ್ ಜೊತೆ 0.1 ಓಮ್ ರೋಧ ಬಂತು ಅಂದುಕೊಳ್ಳಿ. ಸ್ಕೂಟರಿನ 2 ಆಂಪ್‌ಗೆ ಅಲ್ಲಿ ಹುಟ್ಟುವ ಶಾಖ 0.4 ವ್ಯಾಟ್, ಕೈಗೂ ಗೊತ್ತಾಗುವುದಿಲ್ಲ. ಕಾರಿನ 15 ಆಂಪ್‌ಗೆ 22.5 ವ್ಯಾಟ್. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತದೆ. ಹೆಚ್ಚುಕಡಿಮೆ ಅಂಥದ್ದೊಂದನ್ನು ಗೋಡೆಯೊಳಗೆ ಇಟ್ಟು ಎಂಟು ಗಂಟೆ ಬಿಟ್ಟ ಹಾಗೆ. ನಾನು ಬಿಚ್ಚುವ ಸಾಕೆಟ್‌ಗಳಲ್ಲಿ ಇದು ಹೇಗೆ ಕಾಣುತ್ತದೆ ಅಂದರೆ, ನ್ಯೂಟ್ರಲ್ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಮೊದಲು ಹಳದಿ, ಆಮೇಲೆ ಕಂದು, ಮುಟ್ಟಿದರೆ ಪುಡಿ. ಹಿಂದೆ ವೈರಿನ ಇನ್ಸುಲೇಷನ್ ಒಂದಿಂಚು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ತಾಮ್ರ ಕಪ್ಪಾಗಿರುತ್ತದೆ. ಮೀನು ಕೊಳೆತಂಥ ವಾಸನೆ ಬೋರ್ಡಿನಿಂದ ಬಂದರೆ ತಕ್ಷಣ ಮೇನ್ ಆಫ್ ಮಾಡಿ.

ಹಾಗಾಗಿ ಕಾರಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಎಳೆಸಿ. 4 ಚದರ ಮಿಲಿಮೀಟರ್ ತಾಮ್ರ, 20 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಕಟ್ ಮಾಡುವುದು), 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಟ್ ಮಾಡುವುದು), ಒಳ್ಳೆ ಕಂಪನಿಯ ಸಾಕೆಟ್, ನಡುವೆ ಜಾಯಿಂಟ್ ಇರಬಾರದು. ಅರ್ತಿಂಗ್ ಇಲ್ಲದಿದ್ದರೆ ಕಾರಿನ ಪೋರ್ಟಬಲ್ ಚಾರ್ಜರ್ ಕೆಂಪು ದೀಪ ಹಾಕಿ ಸುಮ್ನೆ ಕೂರುತ್ತದೆ. ಜನ ಚಾರ್ಜರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಯಿರಿ, ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತಾರು ವೋಲ್ಟ್ ಇದ್ದರೆ ಅರ್ತ್ ಗುಂಡಿ ಒಣಗಿದೆ ಅಥವಾ ನ್ಯೂಟ್ರಲ್ ಸಡಿಲ ಇದೆ. ಇದ್ದಿಲು, ಉಪ್ಪು ಹಾಕಿ ಮಾಡಿದ ಹಳೆಯ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು.

ಸಿಡಿಲಿನ ಬಗ್ಗೆ: ಮೋಡ ಗುಡುಗಿದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನ ಒಳಗಿನ ಎರಡು ಮೂರು ಮಿಲಿಮೀಟರ್ ಅಂತರ ಒಂದು ತಡೆಯೇ ಅಲ್ಲ.

ಕಲ್ಪತರು_ನಾಡು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 67.2 ಭಾಗಿಸು 4.2 ಅನ್ನುವ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ಸ್ಟಿಕರ್ ಒರೆಸಿ ಟಾರ್ಚ್ ಹಿಡಿದು ನೋಡಿದೆ, ಮೂಲೆಯಲ್ಲಿ ಸಣ್ಣದಾಗಿ 16ಎಸ್, ಅಂದರೆ 16 ಸೆಲ್ ಸಾಲು, ಅಂತಲೇ ಇದೆ. ಗರಿಷ್ಠ ಚಾರ್ಜಿಂಗ್ ಕರೆಂಟ್ 8 ಆಂಪ್ ಅಂತ ಇದೆ. ಅಂದರೆ 10 ಆಂಪ್‌ನದು ಬೇಡ, 6ರದ್ದೇ ತರಿಸುತ್ತೇನೆ.

ಇನ್ನೊಂದು ಕೇಳಬೇಕಿತ್ತು. ತಮ್ಮ ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಕಾರು ತೆಗೆದುಕೊಂಡಿದ್ದಾನೆ. ಮೈಸೂರು ರಸ್ತೆಯಲ್ಲಿ 60 ಕಿಲೋವ್ಯಾಟ್ ಅಂತ ಬರೆದಿರುವ ಫಾಸ್ಟ್ ಚಾರ್ಜರಿಗೆ ಹಾಕಿದರೂ ಸ್ಕ್ರೀನಿನಲ್ಲಿ 29 ತೋರಿಸುತ್ತದೆ, ಬ್ಯಾಟರಿ 80 ಪರ್ಸೆಂಟ್ ದಾಟಿದ ಮೇಲೆ 15ಕ್ಕೆ ಇಳಿಯುತ್ತದೆ, ಮೋಸ ಮಾಡುತ್ತಾರೆ ಅನ್ನುತ್ತಾನೆ. ನಮ್ಮ ಸ್ಕೂಟರ್ 95ರವರೆಗೂ ಒಂದೇ ವೇಗದಲ್ಲಿ ಹೋಗುತ್ತಿತ್ತು. ಕಾರು ಯಾಕೆ 80ಕ್ಕೇ ನಿಧಾನ ಆಗುತ್ತದೆ?

ಘಾಟಿರಸ್ತೆ

ಮೋಸ ಅಲ್ಲ. ನಿಮ್ಮ ತಮ್ಮನಿಗೆ ಸ್ಕ್ರೀನಿನಲ್ಲಿ ಕಿಲೋವ್ಯಾಟ್ ಒಂದನ್ನೇ ನೋಡಬೇಡ, ವೋಲ್ಟ್ ಮತ್ತು ಆಂಪ್ ಎರಡನ್ನೂ ನೋಡು ಅಂತ ಹೇಳಿ. ಹೆಚ್ಚಿನ ಡಿಸಿ ಚಾರ್ಜರ್‌ಗಳಲ್ಲಿ ಎರಡೂ ಬರುತ್ತವೆ, ಕಾರಣ ಅಲ್ಲೇ ಕಾಣುತ್ತದೆ.

100 ಎಲ್‌ಎಫ್‌ಪಿ ಸೆಲ್ ಸಾಲಾಗಿರುವ ಒಂದು ಕಾರು ಅಂದುಕೊಳ್ಳಿ, ನಡುಮಟ್ಟ 320 ವೋಲ್ಟ್, ಚಾರ್ಜ್ ಆಗುವಾಗ 340 ಆಸುಪಾಸು. ಚಾರ್ಜರ್ 60 ಕಿಲೋವ್ಯಾಟ್‌ನದ್ದೇ, ಆದರೆ ಅದರ ಗನ್ (ಕಾರಿಗೆ ಸಿಕ್ಕಿಸುವ ಹಿಡಿ) ಕೊಡುವ ಗರಿಷ್ಠ 150 ಆಂಪ್ ಅಂದರೆ, 340 ಗುಣಿಸು 150, 51 ಕಿಲೋವ್ಯಾಟ್. 60 ಬರಬೇಕಾದರೆ 400 ವೋಲ್ಟಿನ ಕಾರು ಬೇಕು. ಬೋರ್ಡ್ ಮೇಲಿನ ಸಂಖ್ಯೆ ಮಷೀನಿನ ಮೇಲ್ಮಿತಿ, ನಿಮ್ಮ ಕಾರಿಗೆ ಕೊಟ್ಟ ಮಾತಲ್ಲ. ಇದರ ಮೇಲೆ ಎರಡು ಗನ್ ಇರುವ ಮಷೀನಿನಲ್ಲಿ ಪಕ್ಕದವರು ಬಂದು ಹಾಕಿದರೆ 30, 30 ಹಂಚಿಕೆ ಆಗುತ್ತದೆ. 29 ಅಂದರೆ ಬಹುಶಃ ಅದೇ. ಪಕ್ಕದ ಗನ್‌ನಲ್ಲಿ ಗಾಡಿ ಇತ್ತಾ ಅಂತ ಕೇಳಿ.

ಮತ್ತೆ ಎಷ್ಟು ಆಂಪ್ ಅನ್ನುವುದನ್ನು ತೀರ್ಮಾನ ಮಾಡುವುದು ಚಾರ್ಜರ್ ಅಲ್ಲ, ಕಾರು. ಸಿಸಿಎಸ್2 ಅನ್ನುವ ಮಾದರಿಯ ಗನ್ನಿನಲ್ಲಿ ಎರಡು ದಪ್ಪ ಡಿಸಿ ಪಿನ್ ಜೊತೆ ಸಣ್ಣ ಪಿನ್‌ಗಳಿವೆ, ಅದರ ಮೂಲಕ ಕಾರು ಮತ್ತು ಚಾರ್ಜರ್ ಮಾತಾಡುತ್ತಲೇ ಇರುತ್ತವೆ. ಈಗ ನನಗೆ 90 ಆಂಪ್ ಕೊಡು, ಈಗ 70 ಸಾಕು, ತುದಿ ಇಷ್ಟು ವೋಲ್ಟ್ ದಾಟಬೇಡ ಅಂತ ಬಿಎಂಎಸ್ ಕೇಳುತ್ತದೆ, ಚಾರ್ಜರ್ ಅಷ್ಟೇ ಕೊಡುತ್ತದೆ. ಬ್ಯಾಟರಿ ತಣ್ಣಗಿದ್ದರೆ ಕಡಿಮೆ ಕೇಳುತ್ತದೆ, ಕಾದಿದ್ದರೂ ಕಡಿಮೆ ಕೇಳುತ್ತದೆ. ಡಿಸೆಂಬರಿನ ಮುಂಜಾನೆ ಮಡಿಕೇರಿಯಲ್ಲಿ ಹಾಕಿ ನೋಡಿ, ಮಧ್ಯಾಹ್ನ ಮದ್ದೂರಿನಲ್ಲಿ ಹಾಕಿ ನೋಡಿ, ಅದೇ ಕಾರಿಗೆ ಬೇರೆ ಬೇರೆ ಅಂಕಿ ಬರುತ್ತದೆ. ತಣ್ಣನೆಯ ಸೆಲ್‌ಗೆ ಜೋರಾಗಿ ಕರೆಂಟ್ ಕೊಟ್ಟರೆ ಲಿಥಿಯಂ ಒಳಗೆ ಸೇರುವ ಬದಲು ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ, ಅದು ವಾಪಸ್ ಬರುವುದಿಲ್ಲ, ಸಾಮರ್ಥ್ಯ ಶಾಶ್ವತವಾಗಿ ಹೋಗುತ್ತದೆ.

80ಕ್ಕೆ ಯಾಕೆ ನಿಧಾನ ಅನ್ನುವುದಕ್ಕೆ ಬ್ಯಾಟರಿಬೆಂಚ್ ಹೇಳಿದ ಒಳರೋಧದ ಲೆಕ್ಕವೇ ಉತ್ತರ. ನಿಮ್ಮ ಸ್ಕೂಟರಿನ 0.1 ಓಮ್ ಪ್ಯಾಕಿಗೆ 6 ಆಂಪ್ ಕೊಟ್ಟಾಗ ರೋಧದಿಂದಾಗಿ ವೋಲ್ಟೇಜ್ 0.6 ಮಾತ್ರ ಉಬ್ಬಿ ಕಾಣುತ್ತದೆ. ಹಾಗಾಗಿ ಬ್ಯಾಟರಿ ನಿಜವಾಗಿ ತುಂಬುವ ಹತ್ತಿರ ಬಂದಾಗಲೇ 67.2 ಮುಟ್ಟುವುದು. ಅದೇ ಪ್ಯಾಕಿಗೆ 40 ಆಂಪ್ ಕೊಟ್ಟಿದ್ದರೆ ಉಬ್ಬು 4 ವೋಲ್ಟ್. ಒಳಗೆ 63 ಇರುವಾಗಲೇ ಹೊರಗೆ 67 ಕಾಣುತ್ತದೆ, ಅಲ್ಲೇ ತುದಿ ಮುಟ್ಟಿತು, ಆಂಪ್ ಇಳಿಸಲೇಬೇಕು. ಜೋರಾಗಿ ಚಾರ್ಜ್ ಮಾಡಿದಷ್ಟೂ ಮೊದಲೇ ತುದಿ ಸಿಗುತ್ತದೆ. ಫಾಸ್ಟ್ ಚಾರ್ಜರಿನಲ್ಲಿ 80 ಆದ ಮೇಲೆ ಕಾಯುವುದು ಸಮಯ ದಂಡ, ಹಿಂದೆ ನಿಂತವರಿಗೂ ತೊಂದರೆ, ಹೊರಟುಬಿಡಿ ಅನ್ನುವುದು ನನ್ನ ಅಭಿಪ್ರಾಯ.

800 ವೋಲ್ಟ್ ಕಾರುಗಳು ಯಾಕೆ ಬಂದವು ಅನ್ನುವುದೂ ಇದೇ ಲೆಕ್ಕ. 200 ಕಿಲೋವ್ಯಾಟ್ ಕೊಡಬೇಕು ಅಂದರೆ 400 ವೋಲ್ಟಿನಲ್ಲಿ 500 ಆಂಪ್ ಬೇಕು. ಅದಕ್ಕೆ ಕೇಬಲ್ ಒಳಗೆ ದ್ರವ ಹರಿಸಿ ತಂಪು ಮಾಡಬೇಕಾಗುತ್ತದೆ. 800ರಲ್ಲಿ 250 ಆಂಪ್ ಸಾಕು, ಅದೇ ಕೇಬಲಿನಲ್ಲಿ ಶಾಖ ಕಾಲು ಭಾಗ. 2019ರಲ್ಲಿ ಪೋರ್ಶೆ ಟೈಕಾನ್ ಇದನ್ನು ರಸ್ತೆಗೆ ತಂದಿತು, ಆಮೇಲೆ ಹ್ಯುಂಡೈ ಅಯಾನಿಕ್ 5, ಕಿಯಾ ಇವಿ6 ನಮ್ಮಲ್ಲೂ ಬಂದವು. ಇನ್ನೊಂದು ತುದಿ ನೋಡಬೇಕೆಂದರೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ರೇವಾ. 2001ರಲ್ಲಿ ಬಂದ ಆ ಪುಟ್ಟ ಕಾರಿನಲ್ಲಿ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. 48ರಲ್ಲಿ 10 ಕಿಲೋವ್ಯಾಟ್ ಬೇಕೆಂದರೆ 200 ಆಂಪ್ ದಾಟುತ್ತದೆ. ಮನೆಯ 15 ಆಂಪ್ ಸಾಕೆಟ್ಟಿಗೆ ಹಾಕಿ ರಾತ್ರಿಯಿಡೀ ಚಾರ್ಜ್ ಮಾಡುತ್ತಿದ್ದರು. ಅಷ್ಟರಲ್ಲೇ ಒಂದು ಕಾರು ಓಡಿಸಿ ತೋರಿಸಿದ್ದು ಸಣ್ಣ ಮಾತಲ್ಲ.

ಮಲೆನಾಡಿನವರಿಗೆ ಒಂದು ಮಾತು ಸೇರಿಸುತ್ತೇನೆ. ಆಗುಂಬೆಯ ಮೇಲಿದ್ದವರು 100 ಮಾಡಿಕೊಂಡು ಸೋಮೇಶ್ವರಕ್ಕೆ ಇಳಿಯಬೇಡಿ. ಇಳಿಜಾರಿನಲ್ಲಿ ಮೋಟರ್ ವಾಪಸ್ ಬ್ಯಾಟರಿಗೆ ಕರೆಂಟ್ ತಳ್ಳುತ್ತದೆ, ಅದೂ ಚಾರ್ಜಿಂಗೇ. ಬ್ಯಾಟರಿ ಆಗಲೇ ತುದಿ ವೋಲ್ಟೇಜಿನಲ್ಲಿ ಇದ್ದರೆ ಕಾರು ಅದನ್ನು ಕಡಿಮೆ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಕಾಲು ತೆಗೆದರೆ ನಿಧಾನ ಆಗುತ್ತದೆ ಅನ್ನುವ ಅಭ್ಯಾಸದಲ್ಲಿ ಇದ್ದವರಿಗೆ ಮೊದಲ ತಿರುವಿನಲ್ಲೇ ಗಾಡಿ ಜಾರಿದ ಹಾಗೆ ಅನ್ನಿಸುತ್ತದೆ, ಇಡೀ ಘಾಟಿ ಬ್ರೇಕ್ ಮೇಲೇ ಇಳಿಯಬೇಕು. 85, 90ರಲ್ಲಿ ಹೊರಟರೆ ಸಾಕು.

ಹೊಸಗಾಡಿ

ಎಲ್ಲರೂ 80 ಸಾಕು 80 ಸಾಕು ಅನ್ನುತ್ತೀರಿ, ನನ್ನ ಕಾರಿನ ಪುಸ್ತಕದಲ್ಲಿ ಆಗಾಗ 100 ಮಾಡಿ ಅಂತ ಬರೆದಿದೆ. ಯಾವುದು ಸರಿ? ಮತ್ತೆ ಮನೆಗೆ ಹಾಕಿದ 7.2 ಕಿಲೋವ್ಯಾಟ್ ಬಾಕ್ಸಿನಿಂದ ಸ್ನೇಹಿತನ ಕಾರಿಗೆ 3.3 ಮಾತ್ರ ಹೋಯಿತು, ಬಾಕ್ಸ್ ಕೆಟ್ಟಿದೆಯಾ?

ಬ್ಯಾಟರಿಬೆಂಚ್

ನಿಮ್ಮ ಪುಸ್ತಕ ಸರಿ, ನಿಮ್ಮದು ಎಲ್‌ಎಫ್‌ಪಿ ಇರಬೇಕು. ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ 20ರಿಂದ 80ರವರೆಗೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, 3.2, 3.3 ಅಷ್ಟೇ. ವೋಲ್ಟೇಜ್ ನೋಡಿ ಎಷ್ಟು ತುಂಬಿದೆ ಅಂತ ಹೇಳಲು ಬಿಎಂಎಸ್‌ಗೆ ಆಗುವುದಿಲ್ಲ, ಹೋದ ಬಂದ ಆಂಪನ್ನು ಕೂಡಿ ಕಳೆದು ಅಂದಾಜು ಮಾಡುತ್ತದೆ. ದಿನ ಕಳೆದಂತೆ ಆ ಅಂದಾಜು ಜಾರುತ್ತದೆ. 100 ಮುಟ್ಟಿದಾಗ ಮಾತ್ರ ವೋಲ್ಟೇಜ್ ಸರಕ್ಕನೆ ಏರುತ್ತದೆ, ಆಗ ಲೆಕ್ಕ ಸರಿ ಮಾಡಿಕೊಂಡು ಸೆಲ್‌ಗಳನ್ನು ಸಮ ಮಾಡುತ್ತದೆ. ಇದನ್ನು ಮಾಡದೆ ಬಿಟ್ಟರೆ 15 ಪರ್ಸೆಂಟ್ ತೋರಿಸುತ್ತಿದ್ದ ಗಾಡಿ ಧುತ್ತೆಂದು ನಿಲ್ಲಬಹುದು. ಎನ್‌ಎಂಸಿಗೆ ಈ ಸಮಸ್ಯೆ ಕಡಿಮೆ, ಆದರೆ 4.2 ವೋಲ್ಟಿನಲ್ಲಿ ದಿನಗಟ್ಟಲೆ ನಿಂತರೆ, ಅದರಲ್ಲೂ ಬಿಸಿಲಲ್ಲಿ, ಬೇಗ ಸವೆಯುತ್ತದೆ. ಎನ್‌ಎಂಸಿ ಇದ್ದವರು ದಿನಕ್ಕೆ 80, 90 ಮಾಡಿ, ದೂರ ಹೋಗುವ ಹಿಂದಿನ ರಾತ್ರಿ 100 ಮಾಡಿ. ನಿಧಾನ ಚಾರ್ಜರ್ ತಂದು ಬ್ಯಾಟರಿ ಆಯಸ್ಸು ಎಳೆಯುತ್ತೇನೆ ಅನ್ನುವವರಿಗಿಂತ, ತುಂಬಿದ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸದವರ ಬ್ಯಾಟರಿ ಜಾಸ್ತಿ ಬಾಳುತ್ತದೆ.

ಬಾಕ್ಸ್ ಕೆಟ್ಟಿಲ್ಲ. ಗೋಡೆಯ ಎಸಿ ಬಾಕ್ಸ್ ಚಾರ್ಜರೇ ಅಲ್ಲ, ಸುರಕ್ಷಿತ ಸ್ವಿಚ್ ಅಷ್ಟೇ. ನಾನು 32 ಆಂಪ್‌ವರೆಗೆ ಕೊಡಬಲ್ಲೆ ಅಂತ ಅದು ಒಂದು ಸಿಗ್ನಲ್ ಕಳಿಸುತ್ತದೆ. ಎಸಿಯನ್ನು ಡಿಸಿ ಮಾಡುವ ನಿಜವಾದ ಚಾರ್ಜರ್ ಕಾರಿನ ಒಳಗಿದೆ. ಸ್ನೇಹಿತನ ಕಾರಿನಲ್ಲಿ 3.3 ಕಿಲೋವ್ಯಾಟ್‌ನದು ಇದ್ದರೆ ಅದು 15 ಆಂಪ್ ಹತ್ತಿರ ಎಳೆದು ನಿಲ್ಲುತ್ತದೆ, ಬಾಕ್ಸ್ ಎಷ್ಟೇ ದೊಡ್ಡದಿರಲಿ.

ಕಲ್ಪತರು_ನಾಡು

67.2 ವೋಲ್ಟ್ 6 ಆಂಪ್‌ನದು ತರಿಸಿದೆ. ಆದರೆ ತುದಿಯ ಮೂರು ಪಿನ್ ಕನೆಕ್ಟರ್ ನೋಡಲು ಹಳೆಯದರ ಹಾಗೇ ಇದ್ದರೂ ಪ್ಲಸ್ ಮೈನಸ್ ಯಾವುದು ಅಂತ ಎಲ್ಲೂ ಬರೆದಿಲ್ಲ. ಹಾಗೇ ಸಿಕ್ಕಿಸಬಹುದಾ? ನಾವು ಚಾರ್ಜ್ ಮಾಡುವುದು ಪಡಸಾಲೆಯಲ್ಲಿ, ಮೇಲೆ ಕೊಬ್ಬರಿ ಅಟ್ಟ ಇದೆ.

ಬ್ಯಾಟರಿಬೆಂಚ್

ಹಾಗೇ ಸಿಕ್ಕಿಸಬೇಡಿ. ಆ ಮೂರು ಪಿನ್ ಕನೆಕ್ಟರಿನಲ್ಲಿ ಒಬ್ಬೊಬ್ಬ ತಯಾರಕರು ಒಂದೊಂದು ಪಿನ್‌ಗೆ ಪ್ಲಸ್ ಕೊಟ್ಟಿರುತ್ತಾರೆ. ಮಲ್ಟಿಮೀಟರನ್ನು ಡಿಸಿ 200 ವೋಲ್ಟಿಗೆ ಇಟ್ಟು ಮೊದಲು ಸ್ಕೂಟರಿನ ಪೋರ್ಟಿನಲ್ಲಿ ನೋಡಿ, ಯಾವ ಪಿನ್ ಪ್ಲಸ್ ಅಂತ ಬರೆದುಕೊಳ್ಳಿ. ಆಮೇಲೆ ಚಾರ್ಜರ್ ಆನ್ ಮಾಡಿ ಅದರ ತುದಿಯಲ್ಲಿ ನೋಡಿ. ಪ್ಲಸ್‌ಗೆ ಪ್ಲಸ್ ಸಿಗಬೇಕು, ಮತ್ತು ಚಾರ್ಜರಿನಲ್ಲಿ 67.2 ಆಸುಪಾಸು ಬರಬೇಕು. 68 ದಾಟಿದರೆ ವಾಪಸ್ ಕೊಡಿ. ಎರಡು ಪ್ರೋಬ್ ಒಂದಕ್ಕೊಂದು ತಾಗದಂತೆ ಹಿಡಿಯಿರಿ. ಪೋರ್ಟಿನಲ್ಲಿ ಏನೂ ತೋರಿಸದಿದ್ದರೆ ಬಿಎಂಎಸ್ ಆ ಕಡೆ ಮುಚ್ಚಿಟ್ಟಿರಬಹುದು. ಆಗ ಊಹೆ ಮಾಡಬೇಡಿ, ಹಳೆಯ ಚಾರ್ಜರ್ ಬಿಚ್ಚಿ ಬಲ್ಲವರಿಂದ ಯಾವ ವೈರ್ ಯಾವ ಪಿನ್ನಿಗೆ ಅಂತ ಹುಡುಕಿಸಿ.

ಅಟ್ಟದ ಕೆಳಗೆ ಬೇಡವೇ ಬೇಡ. ಒಣ ಕೊಬ್ಬರಿ ಅಂದರೆ ಎಣ್ಣೆ, ಹತ್ತಿಕೊಂಡರೆ ಆರಿಸಲು ಆಗುವುದಿಲ್ಲ. 2022ರಲ್ಲಿ ದೇಶದ ಹಲವು ಕಡೆ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿ ಮಾಡಿ, ಅದೇ ಡಿಸೆಂಬರಿನಿಂದ ಒಂದು ಹಂತ, 2023ರ ಮಾರ್ಚ್ ಕೊನೆಯಿಂದ ಇನ್ನೊಂದು ಹಂತ ಅಂತ ಜಾರಿಗೆ ತಂದರು. ಆದರೆ ಅದಕ್ಕೂ ಮುಂಚಿನ ಪ್ಯಾಕ್‌ಗಳು ಇನ್ನೂ ಓಡಾಡುತ್ತಿವೆ, ಲೋ ಸ್ಪೀಡ್ ಗಾಡಿಗಳಲ್ಲಿ ಗುಣಮಟ್ಟ ಒಂದೊಂದರಲ್ಲಿ ಒಂದೊಂದು ಥರ. ಹೊರಗಡೆ ನೆರಳಿರುವ ಕಡೆ, ಮಳೆ ತಾಗದಂತೆ, ಬಾಗಿಲ ದಾರಿಗೆ ಅಡ್ಡ ಆಗದಂತೆ ನಿಲ್ಲಿಸಿ ಅಲ್ಲಿಗೆ ಒಂದು ಸಾಕೆಟ್ ಎಳೆಸಿ. ಹಗಲು ಹೊತ್ತು, ಮನೆಯಲ್ಲಿ ಜನ ಇರುವಾಗ ಹಾಕಿ. ಬಿಸಿಲಲ್ಲಿ ಓಡಿಸಿ ತಂದ ತಕ್ಷಣ ಹಾಕಬೇಡಿ, ಅರ್ಧ ಗಂಟೆ ಬಿಡಿ.

ಮೊದಲ ಸಲ ಪಕ್ಕದಲ್ಲೇ ಇರಿ. ಹತ್ತು ನಿಮಿಷಕ್ಕೆ ಕನೆಕ್ಟರ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಸರಿ, ಕೈ ಇಡಲು ಆಗದಷ್ಟು ಬಿಸಿ ಇದ್ದರೆ ತೆಗೆಯಿರಿ. ಹಸಿರು ದೀಪ ಬಂದ ಮೇಲೆ ಬ್ಯಾಟರಿಯ ವೋಲ್ಟೇಜ್ ಎಷ್ಟು ಬಂತು ಅಂತ ಇಲ್ಲಿ ಹಾಕಿ. 66ಕ್ಕೇ ನಿಂತಿದ್ದರೆ ಒಂದೆರಡು ಸೆಲ್ ಹಿಂದೆ ಬಿದ್ದಿವೆ ಅಂತ ಅರ್ಥ, ಅದನ್ನು ಬೇರೆಯಾಗಿ ನೋಡಬೇಕಾಗುತ್ತದೆ.